ಮೆಲುಕು ಹಾಕಬೇಡಿ ಅಂದ ಪೋಸ್ಟರ್

೨೦೨೩ರ ಮಳೆಗಾಲ ಕಾಲಿಡುವ ಹೊತ್ತಿಗೆ ನಾನು ಕಡೂರಿನ ಹೊರಗಿದ್ದ ಒಂದು ಸಣ್ಣ ಜೀವವಿಜ್ಞಾನ ವಿಭಾಗದಲ್ಲಿ ಪಿಎಚ್.ಡಿ. ಮೂರನೇ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ಹೆಸರು ಪವಿತ್ರ, ಊರು ಅಜ್ಜಂಪುರ, ವಿಷಯ ಸಗಣಿ ಹುಳ. ನಗುವವರು ನಕ್ಕುಬಿಡಿ, ನನಗೆ ಅಭ್ಯಾಸವಾಗಿದೆ. ಅಜ್ಜಂಪುರದ ಸುತ್ತಿನ ಹುಲ್ಲುಗಾವಲಿನಲ್ಲಿ ಸಗಣಿಯನ್ನು ಉಂಡೆ ಕಟ್ಟಿ, ಹಿಂಗಾಲಿನಲ್ಲಿ ಉರುಳಿಸಿಕೊಂಡು ಹೋಗಿ ಮಣ್ಣೊಳಗೆ ಇಳಿಸುವ ಈ ಹುಳಗಳ ಬಗ್ಗೆ ನಾನು ಶುರು ಮಾಡಿದರೆ ಬಸ್ಸು ಬಂದು ನಿಂತರೂ ನಿಲ್ಲಿಸುವುದಿಲ್ಲ. ನಮ್ಮಮ್ಮ ಮಾತ್ರ ಕೇಳಿದವರಿಗೆಲ್ಲ "ಬಯಾಲಜೀಲಿ ಏನೋ ಮಾಡ್ತವ್ಳೆ" ಎಂದು ಹೇಳಿ ಮಾತು ತೇಲಿಸಿಬಿಡುತ್ತಿದ್ದಳು.

ಆ ವರ್ಷ ನನಗೆ ಇನ್ನೊಂದು ಕೆಲಸ ಗಂಟುಬಿತ್ತು. ವಿಭಾಗದ ಮುಖ್ಯಸ್ಥೆ ಗಿರಿಜಾ ಮೇಡಂ ಒಂದು ಮೀಟಿಂಗಿನಲ್ಲಿ, ಸಂಶೋಧನಾ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕಡೆ ಗಮನ ಇಡಲು ವಿದ್ಯಾರ್ಥಿಗಳಲ್ಲೇ ಒಬ್ಬರು ಬೇಕು, ಯಾರು ಮಾಡುತ್ತೀರಿ ಎಂದು ಕೇಳಿದರು. ಇದ್ದವರೆಲ್ಲ ಒಟ್ಟಿಗೇ ನನ್ನ ಕಡೆ ತಿರುಗಿದರು. ಯಾಕ್ರೋ ನಾನೇ ಅಂದರೆ, "ಇಲ್ಲಿ ಜಾಸ್ತಿ ಮಾತಾಡೋಳು ನೀನೇ ಅಲ್ವಾ" ಎಂದರು. ಕೇಳಿಸಿಕೊಳ್ಳುವ ಕೆಲಸಕ್ಕೆ ಮಾತಾಡುವವಳನ್ನು ಆರಿಸಿದ ವಿಭಾಗ ನಮ್ಮದು. ನಾನೂ ಕುಣಿದುಕೊಂಡೇ ಒಪ್ಪಿಕೊಂಡೆ.

ಈ ಹುದ್ದೆಗೆ ಪೀರ್ ಸಪೋರ್ಟರ್ ಎನ್ನುತ್ತಾರೆ. ಜೊತೆಯವರಿಗೆ ಜೊತೆಯವರೇ ಆಸರೆಯಾಗುವುದು ಎಂದು ಅರ್ಥ. ಇದಕ್ಕಾಗಿ ಚಿಕ್ಕಮಗಳೂರಿನಲ್ಲಿ ಎರಡು ದಿನ ತರಬೇತಿಯಾಯಿತು. ಕಲಿಸಿದವರು ಒಬ್ಬ ಮನೋವೈದ್ಯೆ. ಅವರು ಹೇಳಿದ್ದರಲ್ಲಿ ನನಗೆ ಗಟ್ಟಿಯಾಗಿ ನಿಂತದ್ದು ಇಷ್ಟು: ನೀವು ಡಾಕ್ಟರಲ್ಲ, ಬುದ್ಧಿವಾದ ಹೇಳಬೇಡಿ. ಬದಲಾವಣೆ ಗಮನಿಸಿ. ಭಯ ಅನಿಸಿದರೆ ಸುತ್ತಿ ಬಳಸದೆ ನೇರವಾಗಿ ಕೇಳಿ. ಆಮೇಲೆ ಸರಿಯಾದವರ ಹತ್ತಿರ ಕರೆದುಕೊಂಡು ಬನ್ನಿ. ವಾಪಸ್ಸು ಬರುವ ಬಸ್ಸಿನಲ್ಲಿ ಕಡೂರು ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ನಾನು ಅರ್ಧ ತರಬೇತಿ ಕೊಟ್ಟು ಮುಗಿಸಿದ್ದೆ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಪಿಎಚ್.ಡಿ. ಅನ್ನುವುದು ಬಹಳ ಒಂಟಿ ಕೆಲಸ. ನನ್ನ ಹುಳ ನನಗೆ, ಅವನ ಮೀನು ಅವನಿಗೆ. ಒಬ್ಬರ ಕಷ್ಟ ಪಕ್ಕದ ಮೇಜಿನವರಿಗೂ ಅರ್ಥವಾಗುವುದಿಲ್ಲ. ಮಾಡಿದ ಪ್ರಯೋಗಗಳಲ್ಲಿ ಹೆಚ್ಚಿನವು ಕೈಕೊಡುತ್ತವೆ, ಅದು ವಿಜ್ಞಾನದ ಮಾಮೂಲಿ ನಡೆ. ಆದರೆ ಕೈಕೊಟ್ಟದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಮದುವೆ ಮನೆಗೆ ಹೋದರೆ "ಇನ್ನೂ ಓದ್ತಾನೇ ಇದೀಯಾ?" ಅನ್ನುತ್ತಾರೆ. ಲ್ಯಾಬಿಗೆ ಬಂದರೆ "ಎಲ್ಲಿಗೆ ಬಂತು?" ಅನ್ನುತ್ತಾರೆ. ಎರಡಕ್ಕೂ ನಗಬೇಕು.

ನಾನು ಪ್ರತಿ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಒಂದು ಗಂಟೆ ಗೊತ್ತುಮಾಡಿದೆ. ಟೀ, ನಿಪ್ಪಟ್ಟು, ಮಾತು. ಟೀ ಖಾಲಿಯಾಗುತ್ತಿತ್ತು, ನಿಪ್ಪಟ್ಟು ಖಾಲಿಯಾಗುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. ಒಬ್ಬೊಬ್ಬರನ್ನೇ "ಹೇಗಿದೀಯಾ?" ಎಂದು ಕೇಳುತ್ತಿದ್ದೆ. "ಪರವಾಗಿಲ್ಲ." ಮುಂದಿನವರು? "ಪರವಾಗಿಲ್ಲ." ಜ್ವರ ಬಂದು ಮಲಗಿದವನೂ ಪರವಾಗಿಲ್ಲ ಅನ್ನುತ್ತಾನೆ, ಹೊಸ ಬೈಕು ತಗೊಂಡವನೂ ಪರವಾಗಿಲ್ಲ ಅನ್ನುತ್ತಾನೆ. ಆ ಪದ ಇಟ್ಟುಕೊಂಡು ಯಾರ ಮನಸ್ಸನ್ನು ಅಳೆಯುವುದು?

ಆ ಗುಂಪಿನಲ್ಲಿ ಇಬ್ಬರ ಪರಿಚಯ ಮಾಡಿಕೊಡುತ್ತೇನೆ. ಮೊದಲನೆಯವನು ಸಿದ್ಧಾರ್ಥ, ತರೀಕೆರೆಯವನು. ಹೆಬ್ಬೆ ಜಲಪಾತದ ಕೆಳಗಿನ ಹಳ್ಳಗಳಲ್ಲಿ ಕಲ್ಲು ಎತ್ತಿ ಅದರಡಿಯ ನೀರುಹುಳಗಳನ್ನು ಎಣಿಸುವವನು. ಅವನದು ಬೌದ್ಧ ಮನೆತನ. ಹಾಗಾಗಿ ಎಲ್ಲರಿಗೂ ಇವನೊಬ್ಬ ಶಾಂತಮೂರ್ತಿ ಎಂಬ ಭ್ರಮೆ. "ಲೇ ಸಿದ್ಧಾರ್ಥ, ಶುಕ್ರವಾರ ನೀನೇ ಧ್ಯಾನ ಹೇಳ್ಕೊಡೋ" ಎಂದು ನಾನೂ ಕೇಳಿದ್ದೆ. "ಧ್ಯಾನ ಮಾಡೋದು ನಮ್ಮಪ್ಪ ಕಣೇ. ನಾನು ಕಣ್ಣು ಮುಚ್ಚಿದ್ರೆ ನಿದ್ದೆ ಬಂದ್ಬಿಡುತ್ತೆ" ಎಂದಿದ್ದ.

ಎರಡನೆಯವನು ರಂಗನಾಥ. ಯಗಟಿಯವನು, ನನಗಿಂತ ಒಂದು ವರ್ಷ ಜೂನಿಯರ್. ಮನೆಯಲ್ಲಿ ತಲೆಮಾರುಗಳಿಂದ ಕುರಿ ಸಾಕಣೆ, ಸಂಶೋಧನೆಯೂ ಕುರಿಯ ಹೊಟ್ಟೆಯೊಳಗೇ. ಕುರಿ, ದನಗಳ ಮೊದಲ ಹೊಟ್ಟೆಗೆ ರೂಮೆನ್ ಎನ್ನುತ್ತಾರೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿದ್ದು, ಒಣಹುಲ್ಲನ್ನೂ ಕರಗಿಸಿ ಕುರಿಗೆ ಆಹಾರ ಮಾಡಿಕೊಡುತ್ತವೆ. ಅವುಗಳಿಗೆ ಗಾಳಿಯೇ ವಿಷ. ಆಮ್ಲಜನಕ ಸ್ವಲ್ಪ ತಾಗಿದರೂ ಸಾಯುತ್ತವೆ. ಅದಕ್ಕೇ ಅವನ್ನು ಗಾಳಿಯಾಡದ ಜಾರ್ ಒಳಗೆ ಬೆಳೆಸಬೇಕು. ರಂಗ ಫ್ಲಾಸ್ಕ್ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆಗೆ ನಾವೆಲ್ಲ ಮೂಗು ಮುಚ್ಚಿಕೊಂಡರೆ, "ಇದು ನಮ್ಮೂರ ಸೆಂಟು ಕಣ್ರೀ, ಬಟ್ಟೆಗೆ ಹಾಕ್ಕೊಂಡ್ರೆ ವಾರ ಇರುತ್ತೆ" ಎಂದು ನಗಿಸುತ್ತಿದ್ದ.

ಜುಲೈ ಹೊತ್ತಿಗೆ ಆ ರಂಗ ಎಲ್ಲೋ ಹೋಗಿಬಿಟ್ಟಿದ್ದ. ಮನುಷ್ಯ ಇದ್ದ, ನಗು ಇರಲಿಲ್ಲ. ಊಟದ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚುತ್ತಿದ್ದ. ಶುಕ್ರವಾರ ಬಾಗಿಲ ಹತ್ತಿರವೇ ನಿಂತು ಟೀ ಕುಡಿದು, ನಾನು ಬಾಯಿ ತೆಗೆಯುವ ಮೊದಲೇ "ಪರವಾಗಿಲ್ಲ ಕಣಕ್ಕ" ಎಂದು ಹೊರಡುತ್ತಿದ್ದ. ವರ್ಷಕ್ಕೊಮ್ಮೆ ನಡೆಯುವ ಪ್ರಗತಿ ಪರಿಶೀಲನೆ ನವೆಂಬರಿನಲ್ಲಿತ್ತು, ಕೆಲಸದ ಒತ್ತಡವಿರಬೇಕು ಅಂದುಕೊಂಡೆವು.

ಈ ನಡುವೆ ಪೋಸ್ಟರ್ ಪ್ರಸಂಗ ನಡೆಯಿತು. ತರಬೇತಿಯಲ್ಲಿ ಕೊಟ್ಟಿದ್ದ ಇಂಗ್ಲಿಷ್ ಹಾಳೆಗಳನ್ನು ಕನ್ನಡಕ್ಕೆ ತರುವ ಹುರುಪು ನನಗೆ. ಅದರಲ್ಲಿ ರೂಮಿನೇಷನ್ ಎಂಬುದರ ಬಗ್ಗೆ ಒಂದು ಪುಟವಿತ್ತು. ಒಂದೇ ಚಿಂತೆಯನ್ನು ತಿರುಗಾಮುರುಗಾ ಹಚ್ಚಿಕೊಂಡು ಮನಸ್ಸು ಸವೆಯುವುದಕ್ಕೆ ಮನಶ್ಶಾಸ್ತ್ರದಲ್ಲಿ ಆ ಹೆಸರು. ನಿಘಂಟು ತೆಗೆದೆ, ಮೆಲುಕು ಹಾಕುವುದು ಎಂದಿತ್ತು. ಆಹಾ, ಎಷ್ಟು ಚೆಂದದ ಪದ ಸಿಕ್ಕಿತು ಎಂದು ಹಿಗ್ಗಿದೆ. ಸಿದ್ಧಾರ್ಥ ತಲೆ ಹಿಡಿದುಕೊಂಡು ಕೂತ ಒಬ್ಬ ಮನುಷ್ಯನ ಚಿತ್ರ ಬರೆದ. ಕೆಳಗೆ ಕೆಂಪು ಅಕ್ಷರದಲ್ಲಿ ನಾನು ಬರೆದೆ: "ಮೆಲುಕು ಹಾಕಬೇಡಿ. ಆರೋಗ್ಯವಾಗಿರಿ." ಕುಡಿಯುವ ನೀರಿನ ಫಿಲ್ಟರಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ ಅಂಟಿಸಿದೆವು. ದಿನಬೆಳಗಾದರೆ ದನಗಳ ಹಿಂದೆ ಬಕೆಟ್ ಹಿಡಿದು ಓಡಾಡುವ ನನಗೂ ಏನೂ ಹೊಳೆಯಲಿಲ್ಲ.

ಶುಕ್ರವಾರ ಎಲ್ಲರೂ ಅದರ ಮುಂದೆ ಟೀ ಹಿಡಿದು ನಿಂತಿದ್ದರು. ರಂಗ ಓದಿದ, ಇನ್ನೊಮ್ಮೆ ಓದಿದ. ಆಮೇಲೆ ವಾರಗಳ ನಂತರ ಮೊದಲ ಬಾರಿಗೆ ಪೂರಾ ಒಂದು ಮಾತಾಡಿದ.

"ಪವಿತ್ರಕ್ಕ, ಇದನ್ನ ನಮ್ಮೂರಲ್ಲಿ ಅಂಟಿಸ್ಬೇಡ. ಮೆಲುಕು ಹಾಕೋದು ಬಿಟ್ಟ ಕುರೀನ ನಾವು ಹೆಗಲ ಮೇಲೆ ಹೊತ್ಕೊಂಡು ಡಾಕ್ಟ್ರ ಹತ್ರ ಓಡ್ತೀವಿ."

ಎಲ್ಲರೂ ಗೊಳ್ಳೆಂದು ನಕ್ಕರು. ಒಂದು ವಿಭಾಗದ ತುಂಬ ಬಯಾಲಜಿ ಓದಿದವರು, ಮೆಲುಕು ಹಾಕಬೇಡಿ ಎಂದು ಬೋರ್ಡು ಹಾಕಿಕೊಂಡು ಕೂತಿದ್ದೆವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ರಂಗ ಮಾತ್ರ ನಗಲಿಲ್ಲ. ಲೋಟ ಇಟ್ಟು ಹೊರಗೆ ಹೋದ.

ಮುಂದಿನ ವಾರ ಅವನು ತನ್ನ ಪಾಲಿನ ಮೈಕ್ರೋಸ್ಕೋಪ್ ಸಮಯವನ್ನು ಸಿದ್ಧಾರ್ಥನಿಗೆ ಬಿಟ್ಟುಕೊಟ್ಟ. ದ್ರವ ಅಳೆದು ಹಾಕುವ ತನ್ನ ಒಳ್ಳೆಯ ಪಿಪೆಟ್ಟನ್ನು, ಹೆಸರಿನ ಟೇಪ್ ಕಿತ್ತು, ಹೊಸದಾಗಿ ಸೇರಿದ ಹುಡುಗಿಯ ಮೇಜಿನ ಮೇಲಿಟ್ಟ. ಶನಿವಾರ ಸಂಜೆ ನಾನು ಹೊರಡುವಾಗ ತನ್ನ ಕರಿ ಕಂಬಳಿ ತಂದು ನನ್ನ ಕೈಗೆ ಕೊಟ್ಟ. ಅವರ ಮನೆಯ ಕುರಿಗಳ ಉಣ್ಣೆಯದು. ಸೂಕ್ಷ್ಮಜೀವಿಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆ ಇದ್ದ ಕೋಣೆಯ ಏಸಿ ಚಳಿಗೆ ಅವನು ಅದನ್ನು ಹೊದ್ದು ಕೂರುತ್ತಿದ್ದ, ನಾವು ಲ್ಯಾಬಿನ ಗೌಡ್ರು ಅಂತ ಛೇಡಿಸುತ್ತಿದ್ದೆವು. "ಫೀಲ್ಡಲ್ಲಿ ಮಳೆಗೆ ಆಗುತ್ತೆ, ಇಟ್ಕೊಳಕ್ಕ" ಎಂದ. ನನಗೆ ಖುಷಿಯೋ ಖುಷಿ.

ಬೀರೂರಿನಲ್ಲಿ ರೈಲು ಹತ್ತಿ, ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಜ್ಜಂಪುರದ ಕಡೆ ಹೊರಟೆ. ಅರ್ಧ ದಾರಿ ಬರುವ ಹೊತ್ತಿಗೆ ತರಬೇತಿಯ ಒಂದು ಮಾತು ನೆನಪಾಯಿತು: ಯಾರಾದರೂ ಕಾರಣವಿಲ್ಲದೆ ತಮ್ಮ ಇಷ್ಟದ ವಸ್ತುಗಳನ್ನು ಹಂಚಲು ಶುರು ಮಾಡಿದರೆ ಕಾಯಬೇಡಿ. ಮೈಕ್ರೋಸ್ಕೋಪ್, ಪಿಪೆಟ್ಟು, ಕಂಬಳಿ. ಬಹಳ ಭಯವಾಯಿತು, ಸುಳ್ಳು ಹೇಳುವುದಿಲ್ಲ.

ಅಲ್ಲಿಂದಲೇ, ತರಬೇತಿ ಕೊಟ್ಟಿದ್ದ ಚಿಕ್ಕಮಗಳೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, ಇವತ್ತು ಅವನು ಒಬ್ಬನೇ ಇರುತ್ತಾನಾ ಎಂದು. ಇಲ್ಲ, ಯಗಟಿಯಲ್ಲಿ ಚಿಕ್ಕಪ್ಪನ ಮನೆಯವರ ಜೊತೆ ಇರುತ್ತಾನೆ ಎಂದೆ. "ನಾಳೆಯೇ ಹೋಗಿ ಮಾತಾಡಿ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಬರುವುದಿಲ್ಲ. ಉತ್ತರ ಹೌದು ಅಂತಾದರೆ ಅಲ್ಲಿಂದಲೇ ನನಗೆ ಫೋನ್ ಮಾಡಿ, ಅವರನ್ನು ಒಬ್ಬರೇ ಬಿಡಬೇಡಿ" ಎಂದರು. ರಂಗನಿಗೂ ಫೋನ್ ಮಾಡಿದೆ.

"ನಾಳೆ ಯಗಟಿಗೆ ಬತ್ತೀನಿ ಕಣೋ."

"ಯಾಕಕ್ಕ?"

"ಕುರಿ ಹಿಕ್ಕೆ ಬೇಕು, ನನ್ನ ಹುಳಗಳಿಗೆ."

ಅವನು ನಂಬಿದ. ಸಗಣಿ ಹುಳದ ಸಂಶೋಧನೆಯಿಂದ ಇಂಥ ಉಪಯೋಗಗಳೂ ಇವೆ.

ಮರುದಿನ ಕಡೂರಿನಿಂದ ಯಗಟಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡೆ. ಇಳಿದಾಗ ಮಧ್ಯಾಹ್ನ. ರಾಗಿ ಹೊಲದ ಬದಿಯ ಹೊಂಗೆ ಮರದಡಿ ಅವರ ಹಿಂಡು ಮಲಗಿತ್ತು. ಚಿಕ್ಕಪ್ಪ ನನ್ನನ್ನು ಮಾತಾಡಿಸಿ, ಊಟ ಮಾಡದೆ ಹೋಗಕೂಡದು ಎಂದು ತಾಕೀತು ಮಾಡಿ ಮನೆ ಕಡೆ ನಡೆದರು. ರಂಗ ಮತ್ತು ನಾನು ಬೇರಿನ ಮೇಲೆ ಕೂತೆವು. ಅಷ್ಟೂ ಕುರಿಗಳು ಕಣ್ಣು ಅರ್ಧ ಮುಚ್ಚಿಕೊಂಡು ಅಗಿಯುತ್ತಿದ್ದವು. ಆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಕೇಳಿದೆ.

"ರಂಗ, ನೀನು ಮೆಲುಕು ಹಾಕ್ತಿದೀಯೇನೋ?"

ಅವನು ತಟ್ಟನೆ ನನ್ನ ಕಡೆ ನೋಡಿದ. ಎಷ್ಟು ಸಲ ಹೇಗಿದೀಯಾ ಎಂದು ಕೇಳಿದ್ದೆನೋ, ಒಂದು ಸಲವೂ ಹೀಗೆ ನೋಡಿರಲಿಲ್ಲ. "ಇಲ್ಲ ಕಣಕ್ಕ. ಬಿಟ್ಟು ಬಾಳ ದಿನ ಆಯ್ತು" ಎಂದ.

"ಸಾಯೋ ಯೋಚನೆ ಏನಾದ್ರೂ ಬಂದಿದೆಯಾ?"

"ಇಲ್ಲ. ಸಾಯೋದಲ್ಲ. ಎಲ್ಲಾದ್ರೂ ಹೊರಟೋಗಿ ಯಾರಿಗೂ ಸಿಗದಂಗೆ ಇದ್ಬಿಡಾಣ ಅನ್ಸುತ್ತೆ. ಬೆಳಗ್ಗೆ ಎದ್ದೇಳಕ್ಕೇ ಆಗಲ್ಲ. ತಿಂದಿದ್ದು ರುಚಿ ಗೊತ್ತಾಗಲ್ಲ. ಮುಂದಿನ ತಿಂಗ್ಳು ಪಿಎಚ್.ಡಿ. ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸ್ತೀನಿ, ಎಲ್ರಿಗೂ ಎಲ್ಲಾ ಕೊಟ್ಟಾಯ್ತು."

ಯಾಕೆ ಎಂದು ಕೇಳಿದರೆ ಮುಖವನ್ನು ಹಿಂಡಿನ ಕಡೆ ತಿರುಗಿಸಿಕೊಂಡ. ಮಾತು ಮುಂದುವರಿಯಲಿ ಎಂದು ಕುರಿಯ ವಿಷಯಕ್ಕೇ ಹೋದೆ. ಮೆಲುಕು ಬಿಟ್ಟ ಕುರಿಯನ್ನು ಡಾಕ್ಟರ ಹತ್ತಿರ ಒಯ್ದರೆ ಅವರು ಏನು ಮಾಡುತ್ತಾರೆ ಎಂದು ಕೇಳಿದೆ. ಅವನಲ್ಲಿ ಹಳೆಯ ರಂಗ ಒಂಚೂರು ಅಲುಗಾಡಿದ.

"ಅದಕ್ಕೆ ಟ್ರಾನ್ಸ್‌ಫಾನೇಷನ್ ಅಂತಾರಕ್ಕ. ಕಾಯ್ಲೆ ಬಿದ್ದ ಕುರಿ ಹೊಟ್ಟೇಲಿ ಸೂಕ್ಷ್ಮಜೀವಿಗಳು ಸತ್ತೋಗಿರ್ತವೆ. ಅದು ಎಷ್ಟು ತಿಂದ್ರೂ ಕರಗಲ್ಲ, ಮೆಲುಕೂ ಬರಲ್ಲ. ಆಗ ಚೆನ್ನಾಗಿರೋ ಕುರಿಯ ರೂಮೆನ್ ನೀರು ತೆಗೆದು ಇದಕ್ಕೆ ಕುಡಿಸ್ತಾರೆ. ನಮ್ಮಲ್ಲಿ ಹಳಬರು ಇನ್ನೂ ಸುಲಭ ಮಾಡ್ತಿದ್ರು. ಚೆನ್ನಾಗಿರೋದು ಮೆಲುಕು ಹಾಕ್ತಾ ಇರೋವಾಗ ಬಾಯಿಗೆ ಕೈ ಹಾಕಿ ಆ ಉಂಡೆ ತೆಗೆದು, ಕಾಯ್ಲೆದ್ರ ಬಾಯಿಗೆ ಇಡ್ತಿದ್ರು. ಒಂದು ಉಂಡೆ ಒಳಗೆ ಹೋದ್ರೆ ಸಾಕು, ಎಷ್ಟೋ ಸಲ ಆಮೇಲೆ ಅದೇ ಶುರು ಮಾಡ್ಕೊಳುತ್ತೆ."

ನಾನು ಕೂತಲ್ಲಿಂದ ಜಿಗಿದು ನಿಂತೆ. "ಅದೇ ಕಣೋ! ಅದೇ!" ಎಂದು ಕೂಗಿಬಿಟ್ಟೆ. ಇಡೀ ಹಿಂಡು ಅಗಿಯುವುದು ನಿಲ್ಲಿಸಿ, ತಲೆ ಎತ್ತಿ ನನ್ನನ್ನೇ ನೋಡಿತು.

"ಕೂತ್ಕೊಳಕ್ಕ" ಎಂದ ರಂಗ. "ನಿನ್ನಿಂದ ಅಷ್ಟೂ ಮೆಲುಕು ಬಿಟ್ವು ನೋಡು. ಹೆದರಿಸಿದ್ರೆ ಹಾಕಲ್ಲ ಅವು."

ಕೂತೆ. ನನ್ನ ಶುಕ್ರವಾರಗಳು ಯಾಕೆ ಸೋತವೆಂದು ಆ ಕ್ಷಣಕ್ಕೆ ಗೊತ್ತಾಯಿತು. ಮೆಲುಕೇ ಇಲ್ಲದ ಕುರಿಯ ಮುಂದೆ ನಿಂತು, ಹಾಕು ಹಾಕು ಎಂದು ಕೇಳುತ್ತಿದ್ದೆ. ಕೇಳಬಾರದು, ಕೊಡಬೇಕು. ಮೊದಲು ನನ್ನ ಬಾಯಿಯ ಉಂಡೆ ತೆಗೆಯಬೇಕು.

ತೆಗೆದೆ. ಹೋದ ವರ್ಷ ನಾನು ಗುಂಡುಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದ ಸಗಣಿ ಹುಳಗಳ ಒಂದು ಇಡೀ ಸಂಗ್ರಹ ಹಾಳಾಗಿತ್ತು. ಪೆಟ್ಟಿಗೆಯೊಳಗೆ ನುಸಿ ಗುಳಿಗೆ ಇಡದೆ ಬಿಟ್ಟಿದ್ದೆ, ಬೇರೆ ಸಣ್ಣ ಹುಳಗಳು ಹೊಕ್ಕು ನನ್ನ ಹುಳಗಳನ್ನು ತಿಂದು ಹಾಕಿದ್ದವು. ತೆಗೆದು ನೋಡಿದರೆ ಸೂಜಿ ಇದೆ, ಚೀಟಿ ಇದೆ, ಹುಳ ಇಲ್ಲ. ಮೇಡಂ ಕೇಳಿದಾಗೆಲ್ಲ ವಿಂಗಡಣೆ ನಡೀತಾ ಇದೆ ಎನ್ನುತ್ತಾ, ಮತ್ತೆ ಮಳೆ ಬಂದು ಹೊಸ ಹುಳ ಸಿಗುವವರೆಗೆ ದಿನ ತಳ್ಳಿದ್ದೆ. ರೈಲಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತದ್ದನ್ನೂ ಹೇಳಿದೆ.

"ಹುಳಾನ ಹುಳ ತಿಂದ್ವಾ?" ಎಂದ ರಂಗ.

"ಹ್ಞೂಂ ಕಣೋ. ಕಾಲು ಮಾತ್ರ ಬಿಟ್ಟಿದ್ವು."

ಅವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಕ್ಕು ನಕ್ಕು ಕೊನೆಗೆ ಅಳು ಬಂತು. ಆಮೇಲೆ ತಾನೇ ಶುರು ಮಾಡಿದ. ಶಿವರಾತ್ರಿಯಿಂದ ಈಚೆಗೆ ಅವನು ಜಾರಿನಲ್ಲಿ ಬೆಳೆಸಲು ಹಾಕಿದ ಸೂಕ್ಷ್ಮಜೀವಿಗಳ ಒಂದು ಕಲ್ಚರೂ ಬದುಕಿರಲಿಲ್ಲ. ಗಾಳಿಯಾಡದ ಜಾರ್ ಒಳಗೆ ಒಂದು ಬಣ್ಣದ ದ್ರಾವಣ ಇಡುತ್ತಾರೆ. ಆಮ್ಲಜನಕ ಇದ್ದರೆ ಅದು ಗುಲಾಬಿ, ಇಲ್ಲದಿದ್ದರೆ ಬಣ್ಣವೇ ಇರುವುದಿಲ್ಲ. ಅವನಿಗೆ ದಿನಾ ಗುಲಾಬಿ. ಎಲ್ಲವನ್ನೂ ಬಿಸಾಡುವುದು, ಮತ್ತೆ ಹಾಕುವುದು, ಮತ್ತೆ ಗುಲಾಬಿ. "ಕುರಿ ಮಧ್ಯೆನೇ ಹುಟ್ಟಿದೋನಿಗೆ ಕುರಿ ಹೊಟ್ಟೆ ಸಾಕಕ್ಕೆ ಬರಲಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಕ್ಕ?" ಎಂದ. ಅವನು ಇಷ್ಟು ದಿನ ಒಬ್ಬನೇ ನುಂಗಿಕೊಂಡಿದ್ದದ್ದು ಇದನ್ನು.

ಅಂದು ಚಿಕ್ಕಮ್ಮ ಬಡಿಸಿದ ಮುದ್ದೆ, ಹುರುಳಿ ಸಾರು ಇಬ್ಬರೂ ಉಂಡೆವು. ಸೋಮವಾರ ನಾನೇ ಅವನ ಜೊತೆ ಚಿಕ್ಕಮಗಳೂರಿಗೆ ಹೋದೆ. ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿ, ಇದು ಖಿನ್ನತೆ, ವಾಸಿಯಾಗುತ್ತದೆ ಎಂದು ಮಾತ್ರೆ ಕೊಟ್ಟು, ತಪ್ಪದೆ ಬರಲು ಹೇಳಿದರು. ಇದನ್ನು ಒತ್ತಿ ಹೇಳುತ್ತೇನೆ. ಜೊತೆಯವರ ಮಾತು ಬಾಗಿಲು ತೆರೆಸಬಹುದು, ಔಷಧಿ ಕೊಡುವವರು ಔಷಧಿ ಕಲಿತವರೇ ಆಗಿರಬೇಕು. ಕ್ಯಾನ್ಸಲ್ ಮಾಡಿಸುವ ಮಾತನ್ನು ಪ್ರಗತಿ ಪರಿಶೀಲನೆಯವರೆಗೆ ತಡೆಹಿಡಿಯಲು ರಂಗ ಒಪ್ಪಿದ. ತಡೆಹಿಡಿಯಲು ಮಾತ್ರ, ಬಿಡಲು ಅಲ್ಲ.

ಶುಕ್ರವಾರಕ್ಕೆ ಮೊದಲು ಗಿರಿಜಾ ಮೇಡಂ ಕೋಣೆಗೆ ಹೋಗಿ ಕುರಿಯ ಉಂಡೆಯ ಕಥೆ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. "ಮೇಡಂ, ನೀವು ನಮ್ಮೆಲ್ಲರಿಗಿಂತ ಚೆನ್ನಾಗಿರೋ ಕುರಿ. ಮೊದಲು ನಿಮ್ಮ ಉಂಡೆ ಬೇಕು, ನೀವು ಸೋತ ಕಥೆ" ಎಂದೆ. ಮುಖ್ಯಸ್ಥರಿಗೆ ಕುರಿ ಎಂದುಬಿಟ್ಟೆನಲ್ಲ ಎಂದು ಹೊಳೆಯುವಷ್ಟರಲ್ಲಿ ಅವರು ಕನ್ನಡಕ ತೆಗೆದು ನಗುತ್ತಿದ್ದರು. ಅತ್ತ ಸಿದ್ಧಾರ್ಥ ಪೋಸ್ಟರಿನ ಮೇಲೆ ಬಿಳಿ ಬಣ್ಣ ಬಳಿದು, "ಹಾಕಬೇಡಿ" ಇದ್ದಲ್ಲಿ "ಹಾಕೋಣ" ಎಂದು ತಿದ್ದಿದ. ತಲೆ ಹಿಡಿದು ಕೂತ ಮನುಷ್ಯನಿಗೆ ಎರಡು ಕೊಂಬು ಬರೆದು ಟಗರು ಮಾಡಿದ.

ನಾಲ್ಕು ಗಂಟೆಗೆ ಮೇಡಂ ಬಂದು ನೆಲದ ಮೇಲೇ ಕೂತರು. "ನನ್ನ ಮೊದಲನೇ ಪೇಪರಿನಲ್ಲಿ ಕಪ್ಪೆಯ ಜಾತಿಯೇ ತಪ್ಪಾಗಿತ್ತು. ಅಚ್ಚಾಗಿ ಬಂದ ಮೇಲೆ ಗೊತ್ತಾಯ್ತು. ಯಾರಾದರೂ ಕೇಳಿಬಿಟ್ಟಾರು ಅಂತ ಫೋನ್ ಎತ್ತೋದನ್ನೇ ಬಿಟ್ಟಿದ್ದೆ. ಸ್ನಾನ ಮಾಡೋಕೂ ಮನಸ್ಸು ಬರ್ತಿರಲಿಲ್ಲ" ಎಂದರು. ಕೋಣೆಯಲ್ಲಿ ನಿಪ್ಪಟ್ಟು ಕಡಿಯುವ ಸದ್ದೂ ನಿಂತಿತು. ಎರಡನೆಯದಾಗಿ ನಾನು ನನ್ನ ಖಾಲಿ ಸೂಜಿಗಳ ಕಥೆ ಇಟ್ಟೆ. ಮೂರನೆಯವನು ಸಿದ್ಧಾರ್ಥ. ಎಲ್ಲರೂ ಅವನನ್ನು ಶಾಂತಮೂರ್ತಿ ಅಂದುಕೊಂಡಿದ್ದರಿಂದ ತನಗೆ ಕೋಪ ಬರುತ್ತದೆ, ಹೆದರಿಕೆಯಾಗುತ್ತದೆ ಎಂದು ಹೇಳಲು ಜಾಗವೇ ಸಿಕ್ಕಿರಲಿಲ್ಲ ಎಂದ. ಅವನನ್ನು ಛೇಡಿಸಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಮೇಲೆ ಬಾಗಿಲ ಹತ್ತಿರದಿಂದ ರಂಗ ಒಳಗೆ ಬಂದು ಕೂತ. "ನಂದು ಗುಲಾಬಿ ಬಣ್ಣದ ಕಥೆ" ಎಂದು ಶುರು ಮಾಡಿದ. ಅವನು ಮುಗಿಸುವಷ್ಟರಲ್ಲಿ ಸಿದ್ಧಾರ್ಥ ಎದ್ದು ನಿಂತಿದ್ದ.

"ಲೇ, ಇಷ್ಟು ದಿನ ಯಾಕೋ ಹೇಳ್ಲಿಲ್ಲ? ಗುಲಾಬಿ ಅಂದ್ರೆ ಗಾಳಿ ಹೋಗ್ತಾ ಐತೆ. ಗಾಳಿ ಹೋಗ್ತಿದ್ರೆ ಪಂಕ್ಚರ್ ಅಂಗಡೀಲಿ ಏನು ಮಾಡ್ತಾರೆ?"

ಎಲ್ಲರೂ ಒಟ್ಟಿಗೇ ಓಡಿದೆವು. ಒಬ್ಬರು ಬಕೆಟ್ಟಿಗೆ ನೀರು ತುಂಬಿದರು, ಒಬ್ಬರು ವಾಚ್‌ಮನ್ ಸೈಕಲ್ಲಿನ ಪಂಪು ತಂದರು. ರಂಗ ಖಾಲಿ ಜಾರನ್ನು ತಂದು, ಮುಚ್ಚಳ ಬಿಗಿದು, ಅದರ ಸಣ್ಣ ನಳಿಕೆಗೆ ಪಂಪಿನ ಪೈಪು ಸಿಕ್ಕಿಸಿದ. ಸಿದ್ಧಾರ್ಥ ನಿಧಾನಕ್ಕೆ ಗಾಳಿ ಹೊಡೆದ. ನಾನು ಜಾರನ್ನು ನೀರಿನಲ್ಲಿ ಒತ್ತಿ ಹಿಡಿದೆ. ಹೆಬ್ಬೆ ಹಳ್ಳದಲ್ಲಿ ನೀರೊಳಗೆ ನೋಡಿ ಪಳಗಿದ ಕಣ್ಣು ಸಿದ್ಧಾರ್ಥನದು. ಅವನೇ ಮೊದಲು ಕಂಡದ್ದು.

"ಅಲ್ಲಿ. ಮುಚ್ಚಳದ ಬುಡದಲ್ಲಿ."

ಸಾಸಿವೆಯಷ್ಟು ಒಂದು ಗುಳ್ಳೆ ಹೊರಬಂದು ಮೇಲಕ್ಕೆ ಹೋಯಿತು. ಅದರ ಹಿಂದೆ ಇನ್ನೊಂದು. ಮುಚ್ಚಳದ ರಬ್ಬರ್ ರಿಂಗಿನಲ್ಲಿ ಉಗುರಿಗೂ ಸಿಗದಷ್ಟು ಸಣ್ಣ ಬಿರುಕು. ರಂಗ ಬಕೆಟ್ಟಿನ ಮುಂದೆ ಮಂಡಿಯೂರಿ ಆ ಗುಳ್ಳೆಗಳನ್ನೇ ನೋಡುತ್ತಿದ್ದ. "ನಂದಲ್ಲ ಕಣಕ್ಕ ತಪ್ಪು. ರಬ್ಬರಿಂದು" ಎಂದ. ನಾನು ಕುಣಿದ ರಭಸಕ್ಕೆ ಬಕೆಟ್ಟಿನ ನೀರೆಲ್ಲ ಮೇಡಂ ಸೀರೆ ಮೇಲೆ ಹೋಯಿತು. ಅವರೂ ನಗುತ್ತಿದ್ದರು.

ಹೊಸ ರಿಂಗು ಬಂದ ಮೇಲೆ ಅವನು ಮತ್ತೆ ಕಲ್ಚರ್ ಹಾಕಿದ. ಮರುದಿನ ಬೆಳಗ್ಗೆ ಎಲ್ಲರೂ ಕೆಲಸ ಬಿಟ್ಟು ಇನ್‌ಕ್ಯುಬೇಟರ್ ಮುಂದೆ ಸಾಲುಗಟ್ಟಿದೆವು. ಬಾಗಿಲು ತೆಗೆದ. ಒಳಗಿನ ದ್ರಾವಣದಲ್ಲಿ ಬಣ್ಣವೇ ಇರಲಿಲ್ಲ, ತಿಳಿನೀರು. ಏನೂ ಕಾಣಿಸದೆ ಇದ್ದದ್ದಕ್ಕೆ ಇಷ್ಟು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ರಬ್ಬರ್ ರಿಂಗು ಬದಲಾದ ಕೂಡಲೇ ಮನಸ್ಸೂ ಸರಿಹೋಯಿತು ಎಂದು ಯಾರೂ ತಿಳಿಯಬೇಡಿ. ಕಲ್ಚರ್ ಬೆಳೆಯುತ್ತಿದ್ದಾಗಲೂ ಕೆಲವು ಶುಕ್ರವಾರ ಅವನು ಗೋಡೆ ನೋಡುತ್ತಾ ಕೂತು ಎದ್ದು ಹೋದದ್ದಿದೆ. ಎರಡು ಸಲ ಡಾಕ್ಟರ ಹತ್ತಿರ ಹೋಗಲ್ಲ ಎಂದು ಹಟ ಹಿಡಿದ, ಸಿದ್ಧಾರ್ಥ ತರೀಕೆರೆಯಿಂದ ಬೈಕಿನಲ್ಲಿ ಬಂದು ಕೂರಿಸಿಕೊಂಡು ಹೋದ. ನಾನೂ ಒಳಗೊಳಗೇ ಹೆದರುತ್ತಿದ್ದೆ. ಕಂಬಳಿ ಇನ್ನೂ ಅಜ್ಜಂಪುರದಲ್ಲಿ ನಮ್ಮ ಮನೆಯ ಬೀರುವಿನಲ್ಲೇ ಇತ್ತು. ವಾಪಸ್ ಕೊಡಲಾ ಎಂದು ಡಾಕ್ಟರನ್ನು ಕೇಳಿದ್ದೆ. "ನೀವಾಗಿ ಕೊಡಬೇಡಿ, ಬೇಕು ಅಂತ ಅವರಿಗೇ ಅನಿಸಲಿ" ಎಂದಿದ್ದರು. ಹಾಗಾಗಿ ಕಾಯುತ್ತಿದ್ದೆ.

ನವೆಂಬರಿನ ಪರಿಶೀಲನೆಯಲ್ಲಿ ರಂಗನ ಮೊದಲ ಸ್ಲೈಡು ಗುಲಾಬಿ ಜಾರಿನ ಫೋಟೋ. "ಫೆಬ್ರುವರಿಯಿಂದ ಆಗಸ್ಟ್‌ವರೆಗೆ ನಾನು ಬೆಳೆಸಿದ್ದು ಇದನ್ನೇ" ಎಂದು ಶುರು ಮಾಡಿದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪೆನ್ನು ಕೆಳಗಿಟ್ಟರು. ಅವನು ಬಕೆಟ್ಟಿನ ಕಥೆ ಹೇಳಿದಾಗ ಅವರಲ್ಲಿ ಒಬ್ಬರು, "ನಮ್ಮ ಲ್ಯಾಬಿನ ಜಾರನ್ನೂ ಒಮ್ಮೆ ನೀರಿಗೆ ಹಾಕಿ ನೋಡಬೇಕು" ಎಂದು ಗೊಣಗಿದ್ದು ನನಗೆ ಕೇಳಿಸಿತು. ಕೆಲಸ ಮುಂದುವರಿಸಬಹುದು ಎಂದು ಬರೆದುಕೊಟ್ಟರು. ಹೊರಗೆ ಬಂದವನಿಗೆ, ಕ್ಯಾನ್ಸಲ್ ವಿಷಯ ಏನಾಯ್ತೋ ಎಂದು ಕೇಳಲು ನನಗೆ ನಾಲಿಗೆ ತುದಿಯವರೆಗೂ ಬಂತು. ಕಷ್ಟಪಟ್ಟು ಸುಮ್ಮನಾದೆ.

ಈಗ ನಾನು ತರೀಕೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳ ಮುಖ ಬಾಡಿದ್ದು ಕಂಡರೆ ಹೇಗಿದೀಯಾ ಎಂದು ಕೇಳಿ ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಕೂತು, ನಾನು ಕೆಟ್ಟು ಕೂತ ಒಂದು ದಿನದ ಕಥೆ ಮೊದಲು ಹೇಳುತ್ತೇನೆ. ಬಹಳ ಮಾತಾಡುತ್ತೇನೆ ಎಂಬ ನನ್ನ ಕೆಟ್ಟ ಹೆಸರು ಈ ಕೆಲಸಕ್ಕೆ ಒದಗಿತು. ಕೇಳುವುದಕ್ಕಿಂತ ಮೊದಲು ಕೊಡಬೇಕು ಎನ್ನುವುದನ್ನು ಆ ಒಂದು ವರ್ಷ ನನಗೆ ಕಲಿಸಿತು, ಹುಳಗಳು ಕಲಿಸಿದ್ದಕ್ಕಿಂತ ಅದೇನೂ ಕಡಿಮೆಯಲ್ಲ.

ಕಂಬಳಿಯ ವಿಷಯ ಹೇಳದಿದ್ದರೆ ಈ ಬರಹ ಮುಗಿಯುವುದಿಲ್ಲ. ಆ ಡಿಸೆಂಬರಿನ ಒಂದು ಬೆಳಗ್ಗೆ, ಬೀರೂರಿನಲ್ಲಿ ರೈಲಿಳಿದು ಕಡೂರಿನ ಬಸ್ಸಿಗೆ ನಿಂತಿದ್ದೆ. ಮೈ ಕೊರೆಯುವ ಚಳಿ. ರಂಗನ ಫೋನು ಬಂತು. ಹಳೆಯ ಹೆದರಿಕೆ ಅಷ್ಟು ಬೇಗ ಹೋಗುವುದಿಲ್ಲ.

"ಎಲ್ಲಿದೀಯಕ್ಕ?"

"ಬೀರೂರು. ಯಾಕೋ, ಏನಾಯ್ತು?"

"ಏನೂ ಇಲ್ಲ. ಇನ್‌ಕ್ಯುಬೇಟರ್ ರೂಮಲ್ಲಿ ಕೂರಕ್ಕಾಗ್ತಿಲ್ಲ ಕಣಕ್ಕ, ಚಳಿಗೆ ಮರಗಟ್ಟೋಗ್ತಾ ಇದೀನಿ. ಇನ್ನೂ ಎರಡು ಚಳಿಗಾಲ ಇಲ್ಲೇ ಕಳೀಬೇಕು ನಾನು. ನನ್ನ ಕಂಬಳಿ ನಂಗೆ ವಾಪಸ್ ಕೊಡು."

ಬಂದ ಬಸ್ಸನ್ನು ಬಿಟ್ಟೆ. ಮತ್ತೆ ಸ್ಟೇಷನ್ನಿಗೆ ನುಗ್ಗಿ, ಹಳಿ ದಾಟಿ ಆಚೆ ಪ್ಲಾಟ್‌ಫಾರಂಗೆ ಓಡಿ, ಅಜ್ಜಂಪುರದ ರೈಲು ಹತ್ತಿದೆ.